ತೊಂಬತ್ತೇಳನೆಯ ಪುಟದ ಕುಂಕುಮ

2023ನೆಯ ಇಸವಿಯಲ್ಲಿ ನನಗೆ ಐವತ್ತೆರಡು ವರ್ಷ. ಡೊಂಬಿವಲಿಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಇಪ್ಪತ್ತಮೂರು ವರ್ಷ ಕನ್ನಡ ಕಲಿಸಿದ್ದೆ. ಮಕ್ಕಳಿಲ್ಲದೆ ತರಗತಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಠಾಕುರ್ಲಿಯ ಮನೆಯಲ್ಲಿ ಕುಳಿತು ಕರಡು ತಿದ್ದುವ ಕೆಲಸವನ್ನು ಹಿಡಿದಿದ್ದೆ. ಯಾವುದೇ ಪುಸ್ತಕವನ್ನು ಮೊದಲ ಪುಟದಿಂದ ಆರಂಭಿಸಿ ಕೊನೆಯ ಪುಟಕ್ಕೆ ಮುಗಿಸುವುದು, ನಡುವೆ ಒಂದು ಸಾಲನ್ನೂ ದಾಟಿ ಹೋಗದಿರುವುದು ನನ್ನ ಕ್ರಮ. ತರಗತಿಯಲ್ಲಿ ಮಕ್ಕಳಿಗೂ ಇದನ್ನೇ ಕಲಿಸಿದ್ದೆ. ಈ ಕ್ರಮದಿಂದ ನಷ್ಟವಾದದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ಆ ವರ್ಷ ಚೌತಿಗೆಂದು ಕೊಂಡ ಹೊಸ ಚಪ್ಪಲಿ ನನ್ನ ಭಾವನ ಎಡಗಾಲಿನ ಹೆಬ್ಬೆರಳನ್ನು ಕಚ್ಚಿತು. ಭಾವ ಎಂದರೆ ಅಕ್ಕನ ಗಂಡ. ವಾಶಿಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ಮ್ಯಾನೇಜರರಾಗಿ, ಬಹುಪಾಲು ನಿಂತೇ ದುಡಿದು, ನಿವೃತ್ತರಾಗಿ ನೆರೂಳಿನ ಫ್ಲ್ಯಾಟಿನಲ್ಲಿದ್ದರು. ವಯಸ್ಸು ಅರವತ್ತೇಳು, ಸಕ್ಕರೆ ಕಾಯಿಲೆಗೆ ಇಪ್ಪತ್ತು. ಪಾದದಲ್ಲಿ ಸ್ಪರ್ಶಜ್ಞಾನವೇ ಇರದಿದ್ದುದರಿಂದ ಗುಳ್ಳೆ ಎದ್ದದ್ದೂ ಒಡೆದದ್ದೂ ಅವರ ಅರಿವಿಗೆ ಬರಲಿಲ್ಲ. ಅಕ್ಟೋಬರ್ ಮೊದಲ ವಾರಕ್ಕೆ ಬೆರಳು ಕಪ್ಪಾಯಿತು. ಬೆರಳನ್ನು ಕೂಡಲೇ ತೆಗೆಯಬೇಕು, ಈಗ ತೆಗೆದರೆ ಬೆರಳಿನಲ್ಲೇ ಮುಗಿಯುತ್ತದೆ ಎಂದು ಡಾಕ್ಟರರು ಹೇಳಿದರು. ಭಾವ ಒಪ್ಪಲಿಲ್ಲ. ಅಕ್ಕ ನನಗೆ ಫೋನ್ ಮಾಡಿದಳು.

ಅಕ್ಟೋಬರ್ 8, ಭಾನುವಾರ, ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ ನಾನು ನೆರೂಳಿಗೆ ಹೋದೆ.

"ಬನ್ನಿ ಮಾಷ್ಟ್ರೇ," ಎಂದರು ಭಾವ. ಮನೆಯಲ್ಲಿ ಎಲ್ಲರೊಡನೆ ತುಳುವಿನಲ್ಲಿ ಮಾತನಾಡುವ ಅವರು ನನ್ನೊಡನೆ ಮಾತ್ರ ಕನ್ನಡ ಆಡುತ್ತಿದ್ದರು. ಹದಿನೈದು ವರ್ಷ ಚಿಕ್ಕವನಾದ ನನ್ನನ್ನು ಬಹುವಚನದಲ್ಲಿ ಕರೆಯುವುದು ಅವರ ಹಳೆಯ ತಮಾಷೆ. "ನನ್ನ ಹೆಬ್ಬೆರಳಿಗೆ ನಿಮ್ಮ ಅಕ್ಕನೂ ಮಗಳೂ ಸೇರಿ ಪಾಸ್‌ಪೋರ್ಟ್ ಮಾಡಿಸಿ ಆಗಿದೆ. ಇನ್ನು ಹೊರಡುದೊಂದೇ ಬಾಕಿ."

"ತಮಾಷೆ ಸಾಕು," ಎಂದಳು ಅಕ್ಕ. "ನಿಮ್ಮ ಅಪ್ಪ ಹೋದದ್ದು ಹೇಗೆ ಅಂತ ನಾನು ಕಣ್ಣಾರೆ ನೋಡಿದ್ದೇನೆ."

"ಹೇಗೆ ಹೋದದ್ದು? ಎರಡು ಕಾಲಲ್ಲಿ ಹೋದದ್ದು!"

ಅವರ ಮಗಳು ಬೇಲಾಪುರದ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದವಳು. ಕನ್ನಡ ತಿಳಿಯುತ್ತಿತ್ತು, ಆದರೆ ಉತ್ತರ ಹಿಂದಿಯಲ್ಲೇ ಬರುತ್ತಿತ್ತು. "ಮಾಮಾ, ಆಪ್ ಹೀ ಸಮ್‌ಝಾವೊ. ಮೇರೀ ತೋ ಸುನ್‌ತೇ ನಹೀಂ," ಎಂದು, ಅಪ್ಪನಿಗೆ ತಿಳಿಹೇಳುವ ಕೆಲಸವನ್ನು ನನಗೇ ಬಿಟ್ಟು, ಅವಳು ಒಳಗೆ ಹೋದಳು.

ಭಾವನ ಹಟಕ್ಕೆ ಒಂದು ಕಾರಣವಿತ್ತು. ಅವರ ಮುತ್ತಜ್ಜನ ತಂದೆ, ಬ್ರಿಟಿಷರ ಕಾಲದಲ್ಲಿ, ಒಂದು ಪಲ್ಟನ್ನಿನ ಸರ್ಜನ್ ಆಗಿದ್ದರೆಂದು ಮನೆತನದ ನಂಬಿಕೆ. ಮನೆಯವರು ಅವರನ್ನು 'ದಂಡಿನ ಡಾಕ್ಟರಜ್ಜ' ಎನ್ನುತ್ತಿದ್ದರು. ಅವರ ಸಾಗುವಾನಿಯ ಪೆಟ್ಟಿಗೆ ಊರಿನಿಂದ ನೆರೂಳಿನವರೆಗೆ ಬಂದಿತ್ತು. ಅದರೊಳಗೆ ಮೂಳೆ ಕೊಯ್ಯುವ ಗರಗಸ, ಎರಡು ಚಾಕು, ರಕ್ತ ನಿಲ್ಲಿಸಲು ತೊಡೆಗೆ ಬಿಗಿಯುವ ಪಟ್ಟಿಯ ಹಿತ್ತಾಳೆ ತಿರುಪು. ಪ್ರತಿವರ್ಷ ಆಯುಧಪೂಜೆಯ ದಿನ ಗರಗಸವನ್ನು ಎಳನೀರಿನಲ್ಲಿ ತೊಳೆದು, ಕುಂಕುಮ ಹಚ್ಚಿ, ಅದರ ಎದುರು ಒಂದು ಬಾಳೆಎಲೆ ಹಾಕಿ ಕುಚ್ಚಲಕ್ಕಿ ಅನ್ನವನ್ನೂ ಹುರುಳಿ ಸಾರನ್ನೂ ಬಡಿಸುತ್ತಿದ್ದರು. ಹಬ್ಬದ ದಿನ ಪಾಯಸ ಬಿಟ್ಟು ಹುರುಳಿ ಸಾರು ಏಕೆಂದು ಕೇಳಿದರೆ, "ಅಜ್ಜನಿಗೆ ಅದು ಇಷ್ಟ" ಎಂಬ ಉತ್ತರ ಬರುತ್ತಿತ್ತು. ಪೂಜೆಯಾದ ಮೇಲೆ ಆ ಎಲೆಯ ಊಟ ಮನೆಯ ಹಿರಿಯ ಗಂಡಸಿನದು. ಪೂಜೆಗೊಳ್ಳುವ ಗರಗಸ ಮನೆಯವರ ಮೈಗೆ ತಾಗಬಾರದು, ಅಂದರೆ ಈ ಮನೆಯವರ ಕೈಕಾಲನ್ನು ಯಾರೂ ಕೊಯ್ಯಬಾರದು, ಇದು ಅಜ್ಜನ ಮಾತು ಎಂಬುದು ಅದರೊಂದಿಗೆ ಬಂದ ಕಟ್ಟಳೆ. ಭಾವನ ತಂದೆ ಇದೇ ಕಟ್ಟಳೆಯನ್ನು ನಂಬಿ, ಕೊಳೆತ ಪಾದದೊಡನೆ ತೀರಿಕೊಂಡಿದ್ದರು.

ಪೆಟ್ಟಿಗೆಯ ತಳದಲ್ಲಿ ಅಜ್ಜ ಬರೆದ ಪುಸ್ತಕವೊಂದಿತ್ತು. ಅದನ್ನು ಓದಬಲ್ಲವರು ಮನೆಯಲ್ಲಿ ಮೂರು ತಲೆಮಾರಿನಿಂದ ಇರಲಿಲ್ಲ. ಭಾವ ಅದನ್ನು ನನ್ನ ಕೈಗಿತ್ತರು.

"ನೀವು ಓದಿ. ಕೊಯ್ಯಬಾರದು ಅಂತ ಅಜ್ಜ ಬರೆದಿದ್ದರೆ ನನ್ನನ್ನು ಬಿಟ್ಟುಬಿಡಿ. ಹಾಗೆ ಇಲ್ಲದಿದ್ದರೆ ಕೊಯ್ಯಿಸ್ತೇನೆ. ನಿಮ್ಮ ಮಾತೇ ಕೊನೆ."

"ಸರಿಯಾಗಿ ಓದಿ ಹೇಳುತ್ತೇನೆ," ಎಂದೆ.

ಮನೆಗೆ ಬಂದವನು ಮೊದಲು ಪುಸ್ತಕದ ಸ್ಥಿತಿಯನ್ನು ಪಟ್ಟಿ ಮಾಡಿದೆ. ನೂರ ಮೂವತ್ತೆರಡು ಪುಟ. ಹನ್ನೊಂದು, ಹನ್ನೆರಡನೆಯ ಪುಟಗಳ ಅಂಚನ್ನು ಇಲಿ ಕಡಿದಿದೆ. ಅರವತ್ತನೆಯ ಪುಟದಲ್ಲಿ ಮಸಿ ಹರಡಿದೆ. ತೊಂಬತ್ತೇಳನೆಯ ಪುಟದಲ್ಲಿ ಎಣ್ಣೆಯ ಮತ್ತು ಕುಂಕುಮದ ಕಲೆ. ಕೊನೆಯ ನಾಲ್ಕು ಪುಟ ಖಾಲಿ. ಇದನ್ನೆಲ್ಲ ಹೊಸ ನೋಟುಪುಸ್ತಕದ ಮೊದಲ ಪುಟದಲ್ಲಿ ಅಚ್ಚುಕಟ್ಟಾಗಿ ಬರೆದು ಅಡಿಗೆರೆ ಎಳೆದೆ. ಬರಹ ಹಳೆಯ ಓಟದ ಕನ್ನಡ. ಪದಗಳ ನಡುವೆ ಬಿಡುವಿಲ್ಲ. ಅಂತಹ ಕೈಬರಹವನ್ನು ಓದಬೇಕಾದರೆ ಬರೆದವನ ಒಂದೊಂದು ಅಕ್ಷರವನ್ನೂ ಮೊದಲಿನಿಂದ ಕಲಿಯುತ್ತ ಬರಬೇಕು. ದಿನಕ್ಕೆ ಎರಡು ಪುಟವೆಂದು ಗೊತ್ತುಮಾಡಿಕೊಂಡೆ. ಬೆಳಿಗ್ಗೆ ಆರರಿಂದ ಎಂಟರವರೆಗೆ, ಕರಡು ತಿದ್ದುವ ಕೆಲಸಕ್ಕೆ ಮುಂಚೆ, ಸ್ಫುಟವಾಗಿ ನಕಲು ಮಾಡುತ್ತ ಓದಿದೆ.

ಎರಡನೆಯ ದಿನಕ್ಕೇ ತಿಳಿಯಿತು, ಡಾಕ್ಟರಜ್ಜ ಸರ್ಜನ್ ಆಗಿರಲಿಲ್ಲ. ಸರ್ಜನ್ ಒಬ್ಬ ಇಂಗ್ಲಿಷ್ ದೊರೆ. ಅಜ್ಜ ಆತನ ಕೈಕೆಳಗೆ ಗಾಯ ಕಟ್ಟುವವರು, ಮದ್ದು ಅಳೆಯುವವರು, ಸಿಪಾಯಿಗಳ ಮಾತನ್ನು ದೊರೆಗೂ ದೊರೆಯ ಮಾತನ್ನು ಸಿಪಾಯಿಗಳಿಗೂ ಮುಟ್ಟಿಸುವವರು. ಆದರೆ ಆ ದೊರೆಯ ದಿನಚರಿ ಅವರ ಬರಹದಲ್ಲಿ ಎಷ್ಟು ನಿಚ್ಚಳವಾಗಿತ್ತೆಂದರೆ, ಎಂದೂ ಕಾಣದ ಆ ಮನುಷ್ಯ ನನ್ನ ಮೇಜಿನ ಆಚೆ ಬದಿಗೆ ಕುಳಿತಂತೆ ಅನಿಸುತ್ತಿತ್ತು.

ಪಲ್ಟನ್ನಿನ ಸರ್ಜನ್ ಎಂದರೆ ಬೆಳಗಿನಿಂದ ಸಂಜೆಯವರೆಗೆ ಕೈಕಾಲು ಕೊಯ್ಯುವವನು ಎಂದು ನಾನೂ ಎಣಿಸಿದ್ದೆ. ಪುಸ್ತಕದ ಪ್ರಕಾರ ಆತನ ಕೈ ಗರಗಸಕ್ಕಿಂತ ಹೆಚ್ಚಾಗಿ ಹಿಡಿದದ್ದು ಲೇಖನಿಯನ್ನು. ಬೆಳಿಗ್ಗೆ ಕಹಳೆಯಾದೊಡನೆ ಆಸ್ಪತ್ರೆಯ ಜಗಲಿಗೆ ಬರುವುದು. ರೋಗಿಗಳ ಸಾಲು. ಅಜ್ಜನ ಒಂದು ದಿನದ ಬರಹ ಹೀಗಿದೆ: "ದೊರೆ ಬಂದರು. ಮೂವತ್ತೊಂದು ಜನ. ಜ್ವರ ಹದಿನಾಲ್ಕು. ಹೊಟ್ಟೆ ಒಂಬತ್ತು. ಕಾಲು ಏಳು. ಸುಳ್ಳು ಒಂದು." ಸುಳ್ಳು ಎಂದರೆ ಕವಾಯತು ತಪ್ಪಿಸಲು ರೋಗದ ನೆಪ ಹೂಡಿದವನು. ಆಮೇಲೆ ದೊರೆ ಬಾವಿ ನೋಡುವುದು, ಪಾಯಖಾನೆಯ ಗುಂಡಿಗೆ ಸುಣ್ಣ ಸುರಿಸುವುದು, ಅಡಿಗೆಯವರ ಉಗುರು ನೋಡುವುದು. ಮಧ್ಯಾಹ್ನವೆಲ್ಲ ವರದಿ. ಪ್ರತಿ ವರದಿಗೂ ಮೂರು ಪ್ರತಿ. ವಾಂತಿಭೇದಿ ಹಬ್ಬಿದಾಗ ಡೇರೆಗಳನ್ನು ಎತ್ತರಕ್ಕೆ ಸಾಗಿಸಬೇಕೆಂದು ಕರ್ನಲ್ ದೊರೆಯೊಡನೆ ಜಗಳ. ಜಗಳದ ವರದಿಗೂ ಮೂರು ಪ್ರತಿ. ತನಗೇ ಜ್ವರ ಬಂದರೆ ಕಹಿಮದ್ದನ್ನು ನುಂಗಿ, ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಜಗಲಿಗೆ ಬರುವುದು.

ಪಲ್ಟನ್ ನಡೆದು ಹೋಗುವಾಗ ದೊರೆಯ ಕುದುರೆ ಯಾವಾಗಲೂ ಸಾಲಿನ ಹಿಂದೆ. ಬೀಳುವವರು ಹಿಂದೆಯೇ ಬೀಳುತ್ತಾರೆ ಎಂಬುದು ಆತನ ವಾದ. ತಂಗುದಾಣ ತಲುಪಿದೊಡನೆ ಎಲ್ಲರೂ ಬೂಟು ಬಿಚ್ಚಿ ಸಾಲಾಗಿ ಕೂರಬೇಕು. ದೊರೆ ನೆಲಕ್ಕೆ ಮೊಣಕಾಲೂರಿ ಒಂದೊಂದೇ ಪಾದವನ್ನು ನೋಡುತ್ತಿದ್ದ. ಆತನಿಗೆ ಬರುತ್ತಿದ್ದ ಕನ್ನಡ ಇಷ್ಟೇ: "ತೋರಿಸು. ಎಷ್ಟು ದಿನ?" ಮೂರಕ್ಕಿಂತ ಹೆಚ್ಚು ದಿನವೆಂದರೆ ಇಂಗ್ಲಿಷಿನಲ್ಲಿ ಬೈಗುಳ. "ಬೈಗುಳವನ್ನು ನಾನು ತಿರುಗಿಸಿ ಹೇಳುವುದಿಲ್ಲ, ಅವರಿಗೆ ತಿಳಿಯುತ್ತದೆ" ಎಂದು ಅಜ್ಜ ಬರೆದಿದ್ದರು. ಆತ ಯಾರಿಗೂ ಮುಟ್ಟಗೊಡದಿದ್ದದ್ದು ಒಂದೇ ಒಂದು, ಗರಗಸ. ಅದನ್ನು ತಾನೇ ತೊಳೆದು, ಒರೆಸಿ, ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿ ಇಡುತ್ತಿದ್ದ.

ಅಕ್ಟೋಬರ್ 23, ಸೋಮವಾರ, ಆಯುಧಪೂಜೆ. ಅಷ್ಟರಲ್ಲಿ ಇಪ್ಪತ್ತೆಂಟು ಪುಟ ಮುಗಿದಿದ್ದವು. ನೆರೂಳಿನ ಮನೆಯಲ್ಲಿ ಗರಗಸಕ್ಕೆ ಎಂದಿನಂತೆ ಪೂಜೆಯಾಯಿತು, ಎಲೆ ಹಾಕಿದರು, ಹುರುಳಿ ಸಾರು ಬಡಿಸಿದರು. ಭಾವ ಬ್ಯಾಂಡೇಜಿನ ಪಾದವನ್ನು ಸ್ಟೂಲಿನ ಮೇಲಿಟ್ಟು ಆ ಎಲೆಯ ಊಟ ಮಾಡಿದರು. ಊದುಬತ್ತಿಯ ಪರಿಮಳದಡಿ ಬೇರೊಂದು ವಾಸನೆಯಿತ್ತು. ಅದರ ವಿಷಯವನ್ನು ಯಾರೂ ಎತ್ತಲಿಲ್ಲ. ಬೆರಳು ಮಾತ್ರವಲ್ಲ, ಈಗ ಮುಂಗಾಲೂ ಕಪ್ಪಾಗಿತ್ತು.

ಓದಿದ್ದರ ಸಾರಾಂಶವನ್ನು ನಾನು ಹೇಳಿದೆ.

"ಹಾಗಾದ್ರೆ ನಮ್ಮಜ್ಜ ಕಂಪೌಂಡರ್ ಅಂತಾಯ್ತು!" ಭಾವ ನಕ್ಕರು. "ಐದು ತಲೆಮಾರು ಸರ್ಜನ್ ಸರ್ಜನ್ ಅಂತ ಮೀಸೆ ತಿರುವಿದ್ದೇವೆ, ಮಾರಾಯ್ರೆ. ಇರಲಿ. ಕೊಯ್ಯುದರ ಬಗ್ಗೆ ಎಂತ ಉಂಟು?"

"ಇಲ್ಲಿಯವರೆಗೆ ಏನೂ ಇಲ್ಲ."

"ಮಾಮಾ, ಸೀಧಾ ಆಗೇ ಕಾ ದೇಖೋ ನಾ," ಎಂದಳು ಅಕ್ಕನ ಮಗಳು. "ಲಾಸ್ಟ್ ವಾಲೇ ಪೇಜ್."

ಹಾಗೆ ಹಾರಿ ಓದಿದರೆ ಅಕ್ಷರವೂ ಸಿಗುವುದಿಲ್ಲ, ಅರ್ಥವೂ ಸಿಗುವುದಿಲ್ಲ. ತಪ್ಪು ಓದಿ ನಿನ್ನ ಅಪ್ಪನ ಕಾಲಿನ ವಿಷಯದಲ್ಲಿ ತಪ್ಪು ಹೇಳಲೇ ಎಂದು ನಾನು ಅವಳನ್ನು ಕೇಳಿದೆ. ಪ್ರಶ್ನೆ ತರ್ಕಬದ್ಧವಾಗಿತ್ತು. ಅಕ್ಕ ಮಾತ್ರ, "ನೀನು ಪರೀಕ್ಷೆಗೆ ಓದುದಲ್ಲ, ನೆನಪಿರಲಿ," ಎಂದು ಎಲೆ ಎತ್ತಿಕೊಂಡು ಹೋದಳು.

ಅಕ್ಟೋಬರ್ 31ರಂದು ಭಾವನಿಗೆ ಚಳಿಜ್ವರ ಬಂತು. ಮರುದಿನ ಆಸ್ಪತ್ರೆಗೆ ಸೇರಿಸಿದರು. ನವೆಂಬರ್ 2, ಗುರುವಾರ ಮಧ್ಯಾಹ್ನ, ಪುಸ್ತಕವನ್ನೂ ನಕಲನ್ನೂ ಪಂಚೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ನಾನೂ ಹೋದೆ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಅಕ್ಕ, ಮಗಳು ಇಬ್ಬರೂ ಇದ್ದರು.

"ಎಷ್ಟನೇ ಪುಟ?" ಎಂದಳು ಅಕ್ಕ.

"ನಲವತ್ತಾರು."

"ಒಟ್ಟು?"

"ನೂರ ಮೂವತ್ತೆರಡು. ಅದರಲ್ಲಿ ನಾಲ್ಕು ಖಾಲಿ."

ಅಕ್ಕ ಮುಖ ತಿರುಗಿಸಿದಳು. ಅಷ್ಟರಲ್ಲಿ ಸರ್ಜನ್ ಬಂದರು. ನಲವತ್ತರ ಆಸುಪಾಸಿನ ಮರಾಠಿ ಹೆಂಗಸು. ಬ್ಯಾಂಡೇಜು ಬಿಚ್ಚಿಸಿ, ಮಂಚದ ಬದಿಯಲ್ಲಿ ಬಗ್ಗಿ ಪಾದವನ್ನು ಎರಡೂ ಕಡೆಯಿಂದ ನೋಡಿ, "ಕಿತ್ನೇ ದಿನ ಹುಯೇ?" ಎಂದು ಕೇಳಿದರು. ಎಷ್ಟು ದಿನ? ದೊರೆಗೆ ಬರುತ್ತಿದ್ದ ಕನ್ನಡವೇ ಅದು. ಅಕ್ಕ ಲೆಕ್ಕ ಹಾಕಿ ಹೇಳಿದಳು. ಡಾಕ್ಟರರು ಬೈಯಲಿಲ್ಲ. ವಿಷ ರಕ್ತಕ್ಕೆ ಏರುತ್ತಿದೆ, ಬೆರಳಿನ ಮಾತು ಮುಗಿಯಿತು, ಮೊಣಕಾಲಿನ ಕೆಳಗೆ ತೆಗೆಯಬೇಕು, ನಾಳೆ ಬೆಳಿಗ್ಗೆ ಆಗದಿದ್ದರೆ ಜೀವದ ಭರವಸೆ ಕೊಡಲಾರೆ ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಭಾವ ಕಣ್ಣು ಮುಚ್ಚಿಕೊಂಡು, "ಮಾಷ್ಟ್ರು ಓದಿ ಮುಗಿಸಲಿ," ಎಂದರು.

ಬೆಂಚಿಗೆ ಮರಳಿದಾಗ ಅಕ್ಕನ ಮಗಳು ನನ್ನ ತೊಡೆಯಿಂದ ಹಳೆಯ ಪುಸ್ತಕವನ್ನು ಎತ್ತಿಕೊಂಡಳು. ನಾನು ತಡೆಯುವ ಮೊದಲೇ ಹಿಂದಿನಿಂದ ಹಾಳೆ ಮಗುಚತೊಡಗಿದಳು. ಓದಲು ಬರದವಳು ಸುಮ್ಮನೆ ನೋಡುತ್ತಿದ್ದಳು. ಒಂದು ಕಡೆ ನಿಂತಳು.

"ಮಾಮಾ, ಇದು ಎಂತ? ಕೆಂಪು?"

ಅವಳು ನನ್ನೊಡನೆ ಕನ್ನಡದಲ್ಲಿ ಮಾತನಾಡಿದ್ದು ಬಹುಶಃ ಅದೇ ಮೊದಲು.

"ತೊಂಬತ್ತೇಳನೆಯ ಪುಟ. ಕುಂಕುಮದ ಕಲೆ. ಪಟ್ಟಿಯಲ್ಲಿ ಬರೆದಿದ್ದೇನೆ."

"ಬೇರೆ ಪೇಜಿಗೆ ಯಾಕೆ ಇಲ್ಲ?"

ನಾನು ಪುಸ್ತಕವನ್ನು ತೆಗೆದುಕೊಂಡು ನೋಡಿದೆ. ಅದು ಚೆಲ್ಲಿದ ಕುಂಕುಮವಲ್ಲ. ಬೆರಳಿನ ಗುರುತುಗಳು, ಒಂದರ ಪಕ್ಕದಲ್ಲಿ ಒಂದು, ಒಂದರ ಮೇಲೆ ಒಂದು, ಪುಟದ ಅಂಚಿನುದ್ದಕ್ಕೂ. ಕೆಲವು ಹಳೆಯವು, ಕಂದಾಗಿದ್ದವು. ವರ್ಷಕ್ಕೊಮ್ಮೆ ಯಾರೋ ಈ ಪುಟವನ್ನು ಬಿಚ್ಚಿ, ಓದಿ, ಕುಂಕುಮ ಇಟ್ಟಿದ್ದರು. ಎಷ್ಟೋ ವರ್ಷ ಇಟ್ಟಿದ್ದರು. ಓದಬೇಕಾದ ಪುಟ ಇದೆಂದು ಮನೆಯ ಹಿರಿಯರೇ ಗುರುತು ಹಾಕಿ ಹೋಗಿದ್ದರು. ಅಕ್ಟೋಬರ್ 8ರ ಸಂಜೆಯೇ ನಾನು ಅದನ್ನು ಕಂಡು, ಪುಸ್ತಕದ ದೋಷವೆಂದು ನಮೂದಿಸಿ, ಅಡಿಗೆರೆ ಎಳೆದು, ಮೊದಲನೆಯ ಪುಟಕ್ಕೆ ಮರಳಿದ್ದೆ.

ನಲವತ್ತಾರು ಪುಟದ ಅಭ್ಯಾಸವಾಗಿತ್ತಷ್ಟೆ. ಆ ಕೈಬರಹ ಈಗ ನನಗೆ ಅಪರಿಚಿತವಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಒಳಗೆ ಹೋಗಿ, ಭಾವನ ಮಂಚದ ಬಳಿ ನಿಂತು, ಮೂವರಿಗೂ ಕೇಳುವಂತೆ ಓದಿದೆ.

ನಮ್ಮ ಕಡೆಯವನೇ ಆದ ಒಬ್ಬ ಸಿಪಾಯಿಯ ಪಾದದ ಮೇಲೆ ಸಾಮಾನಿನ ಗಾಡಿಯ ಚಕ್ರ ಹರಿದಿತ್ತು. ಅಂದೇ ಕೊಯ್ಯಬೇಕೆಂದು ದೊರೆ ಹೇಳಿದ. ನವಮಿ ಕಳೆಯಲಿ, ಇನ್ನು ನಾಲ್ಕು ದಿನ, ಆಮೇಲೆ ಏನು ಬೇಕಾದರೂ ಮಾಡಿ ಎಂದು ಸಿಪಾಯಿ ಅಜ್ಜನ ಕೈ ಹಿಡಿದು ಬೇಡಿದ. ಮರುದಿನದಿಂದ ದೊರೆಗೇ ಜ್ವರ. ಮಂಚ ಬಿಟ್ಟು ಏಳಲಾರ. ಗಾಯ ಹೇಗಿದೆಯೆಂದು ದಿನವೂ ಅಜ್ಜನನ್ನು ಕೇಳುತ್ತಿದ್ದ. ಮುಂದಿನದು ಅಜ್ಜನ ಮಾತಿನಲ್ಲೇ:

"ನಿನ್ನೆಗಿಂತ ವಾಸಿ ಎಂದು ಹೇಳಿದೆ. ವಾಸಿ ಇರಲಿಲ್ಲ. ಮೂರು ದಿನವೂ ಹಾಗೆಯೇ ಹೇಳಿದೆ. ನವಮಿಯ ದಿನ ಅವನು ಹುರುಳಿ ಸಾರು ಕೇಳಿದ. ಮಾಡಿಸಿದೆ. ಎಲೆ ಹಾಕಿದೆ. ಉಣ್ಣುವವನು ಉಳಿಯಲಿಲ್ಲ. ದೊರೆ ಎದ್ದು ಬಂದು ನೋಡಿದರು. ಏನೂ ಹೇಳಲಿಲ್ಲ. ಪೆಟ್ಟಿಗೆಯಿಂದ ಗರಗಸ ತೆಗೆದು, ತೊಳೆ ಎಂದು ನನ್ನ ಕೈಗೆ ಕೊಟ್ಟರು. ಅದರಲ್ಲಿ ತೊಳೆಯುವುದು ಏನೂ ಇರಲಿಲ್ಲ. ತೊಳೆದೆ. ಊರಿಗೆ ಹೋಗುವಾಗ ಪೆಟ್ಟಿಗೆಯನ್ನು ನನಗೇ ಬಿಟ್ಟು ಹೋದರು. ನನ್ನ ಮನೆಯವರು ಪ್ರತಿ ನವಮಿಗೆ ಇದನ್ನು ತೊಳೆದು, ಅವನಿಗೆ ಎಲೆ ಹಾಕಿ, ಈ ಪುಟವನ್ನು ಓದತಕ್ಕದ್ದು. ತಡ ಮಾಡಿದವನು ನಾನು."

ಕೊಯ್ಯಬಾರದು ಎಂಬ ಮಾತು ಅಲ್ಲಿ ಇರಲಿಲ್ಲ. ಅದರ ಹಿಂದಿನ ಮುಂದಿನ ಪುಟಗಳಲ್ಲಿಯೂ ಇಲ್ಲವೆಂದು ಆಮೇಲೆ ಖಚಿತಪಡಿಸಿಕೊಂಡೆ. ಓದುವವರು ಇಲ್ಲವಾದ ಮೇಲೆ ಪೂಜೆಯೊಂದೇ ಉಳಿದು, ಅದಕ್ಕೊಂದು ಕಾರಣ ಬೇಕಾಗಿ, ಯಾರೋ ಈ ಕಟ್ಟಳೆಯನ್ನು ಸೇರಿಸಿರಬೇಕು.

ಭಾವ ಕಣ್ಣು ತೆರೆದರು.

"ಆ ಸಿಪಾಯಿಯ ಹೆಸರೆಂತ?"

"ಬರೆದಿಲ್ಲ."

"ಅಪ್ಪ ಹೋದ ಮೇಲೆ ಪ್ರತಿ ವರ್ಷ ಅವನ ಎಲೆಯ ಊಟ ಉಂಡದ್ದು ನಾನು, ಮಾರಾಯ್ರೆ. ಪಾಪ, ಒಂದು ವರ್ಷವಾದರೂ ಅವನಿಗೆ ಬಿಟ್ಟದ್ದಿಲ್ಲ." ಅವರು ನನ್ನ ಕಡೆ ತಿರುಗಿದರು. "ಈ ಪುಟ ಮೊದಲೇ ಓದಿದ್ರೆ?"

ಅಕ್ಕ ಅವರ ಹೊದಿಕೆ ಸರಿಪಡಿಸುವ ನೆಪದಲ್ಲಿ ಬಗ್ಗಿದಳು.

"ಬೆರಳಿನಲ್ಲೇ ಮುಗಿಯುತ್ತಿತ್ತು," ಎಂದೆ. ಅದಕ್ಕಿಂತ ಮೃದುವಾದ ಉತ್ತರ ಇತ್ತೇನೋ. ಸರಿಯಾದ ಉತ್ತರ ಅದೇ.

"ಆ ದೊರೆ ಅಜ್ಜನಿಗೆ ಎಂತದೂ ಹೇಳ್ಲಿಲ್ಲ ಅಲ್ವಾ?" ಎಂದರು ಭಾವ. "ನಾನೂ ಹೇಳುದಿಲ್ಲ. ಫಾರ್ಮು ತರ್ಲಿಕ್ಕೆ ಹೇಳಿ."

ಒಪ್ಪಿಗೆಯ ಪತ್ರ ಮರುದಿನ ಬೆಳಿಗ್ಗೆ ಬಂತು. ಇಂಗ್ಲಿಷ್, ಮರಾಠಿ ಎರಡರಲ್ಲೂ ಇತ್ತು. ಭಾವ ಕನ್ನಡದಲ್ಲಿ ಸಹಿ ಮಾಡಿದರು. ಸಾಕ್ಷಿಯ ಜಾಗದಲ್ಲಿ ನಾನು. ಸ್ಟ್ರೆಚರ್ ಲಿಫ್ಟಿನೊಳಗೆ ಹೋಗುವಾಗ ಅವರು ಮಗಳನ್ನು ಕರೆದು, "ಗರಗಸ ಹೊಸತಾ ಹಳತಾ ಅಂತ ಡಾಕ್ಟರಲ್ಲಿ ಕೇಳು. ಬೇಕಾದ್ರೆ ನಮ್ಮದುಂಟು," ಎಂದರು. ಅವಳು ಅಳುತ್ತಲೇ ನಕ್ಕಳು.

ಈಗ ಅವರು ಕೃತಕ ಕಾಲಿನಲ್ಲಿ ನೆರೂಳಿನ ತಮ್ಮ ಸೆಕ್ಟರಿನ ಉದ್ಯಾನವನ್ನು ದಿನಕ್ಕೆ ಎರಡು ಸುತ್ತು ಹಾಕುತ್ತಾರೆ. ಮುಂದಿನ ವರ್ಷದ ಆಯುಧಪೂಜೆಗೆ ಅಕ್ಕ ಗರಗಸವನ್ನೂ ಎಳನೀರಿನ ತಂಬಿಗೆಯನ್ನೂ ನನ್ನ ಮುಂದಿಟ್ಟು, "ಈ ಸಲ ನೀನು ತೊಳೆ," ಎಂದಳು. ಬೇರೇನೂ ಹೇಳಲಿಲ್ಲ. ತೊಳೆದೆ. ಅಕ್ಕನ ಮಗಳು ತೊಂಬತ್ತೇಳನೆಯ ಪುಟವನ್ನು ನನ್ನ ಸ್ಫುಟಪ್ರತಿಯಿಂದ, ದೇವನಾಗರಿಯಲ್ಲಿ ಬರೆದುಕೊಂಡು, ಎಡವುತ್ತ ಓದಿದಳು. ಅವಳ ಉಚ್ಚಾರವನ್ನು ನಾನು ತಿದ್ದಲಿಲ್ಲ. ಎಲೆಯ ಊಟವನ್ನು ಯಾರೂ ಉಣ್ಣಲಿಲ್ಲ.

ನಕಲು ಮುಗಿಯಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಅದನ್ನು ಮಾತ್ರ ಮೊದಲಿನ ಕ್ರಮದಲ್ಲೇ ಮುಗಿಸಿದೆ. ಪುಸ್ತಕದ ಕೊನೆಯ ಬರೆದ ಪುಟದಲ್ಲಿ ದೊರೆ ಕೈಕಾಲು ಕೊಯ್ದವರ ಪಟ್ಟಿಯನ್ನು ಅಜ್ಜ ಕೊಟ್ಟಿದ್ದಾರೆ. ಇಡೀ ಪುಸ್ತಕದಲ್ಲಿ ಅಂಥವರು ನಾಲ್ಕೇ ಜನ. ಅವರ ಕೆಳಗೆ ಆ ಸಿಪಾಯಿಯದೂ ಒಂದು ಸಾಲು. ಪ್ರತಿಯೊಬ್ಬರ ಎದುರಿಗೆ ಗಾಯ ಯಾವುದು, ಎಷ್ಟು ದಿನದ್ದು, ತೀರ್ಮಾನವಾದ ದಿನ ಯಾವುದು ಎಂಬ ಮೂರು ಅಂಕಣಗಳಿವೆ. ಸಿಪಾಯಿಯ ಸಾಲಿನಲ್ಲಿ ಕೊನೆಯ ಅಂಕಣ ಖಾಲಿ. ನನ್ನ ಪ್ರತಿಯಲ್ಲಿ ಅದನ್ನು ಹಾಗೆಯೇ ಖಾಲಿ ಬಿಟ್ಟು, ಅದರ ಕೆಳಗೆ ನನ್ನದೊಂದು ಸಾಲು ಸೇರಿಸಿದ್ದೇನೆ. ಎಡಗಾಲು, ಚಪ್ಪಲಿ ಕಚ್ಚಿದ್ದು. ನಲವತ್ತಕ್ಕೂ ಹೆಚ್ಚು ದಿನ, ಅದರಲ್ಲಿ ಇಪ್ಪತ್ತಾರು ನನ್ನವು. ತೀರ್ಮಾನವಾದದ್ದು 2023ನೆಯ ಇಸವಿ ನವೆಂಬರ್ 3, ಶುಕ್ರವಾರ.